ನಗರ ಪೊಲೀಸರ ಬಡ್ತಿ: ಹಣದಿಂದ ಅಂಕದವರೆಗೆ

ನಮ್ಮಲ್ಲಿ ಪೊಲೀಸರು ರಾಜ್ಯ ಸರಕಾರದ ಅಧೀನರು. ನಗರಸಭೆಗೂ ಅವರ ಬಡ್ತಿಗೂ ಸಂಬಂಧವಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿಯ ನಗರಗಳು ತಂತಮ್ಮ ಪೊಲೀಸ್ ಪಡೆಯನ್ನು ತಾವೇ ಸಾಕುತ್ತವೆ. ಊರಿನ ರಾಜಕಾರಣದ ಕೈ ಠಾಣೆಯವರೆಗೂ ಚಾಚುವುದಕ್ಕೆ ಇದರಿಂದ ಅನುಕೂಲವೇ ಆಯಿತೆನ್ನಬೇಕು.

1894ರಲ್ಲಿ ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆಯ ಅವ್ಯವಹಾರಗಳನ್ನು ಲೆಕ್ಸೋ ಸಮಿತಿಯು ವಿಚಾರಣೆಗೆ ಎತ್ತಿಕೊಂಡಿತು. ಅದರ ಮುಂದೆ ತಿಮೊಥಿ ಕ್ರೀಡನ್ ಎಂಬ ಕ್ಯಾಪ್ಟನ್ ನುಡಿದ ಸಾಕ್ಷ್ಯ ಇಂದಿಗೂ ಮನಸ್ಸನ್ನು ಕಲಕುವಂಥದು. ಈತ ಅಲ್ಲಿಯ ಅಂತರ್ಯುದ್ಧದಲ್ಲಿ ಹೋರಾಡಿದ ಯೋಧ. ಪರೀಕ್ಷೆಯಲ್ಲಿ ಉತ್ತಮ ಅಂಕಗಳನ್ನೇ ಪಡೆದಿದ್ದ. ಆದರೂ ಕ್ಯಾಪ್ಟನ್ ಪದವಿ ದೊರೆತದ್ದು 15,000 ಡಾಲರ್ ತೆತ್ತ ಬಳಿಕ! ನಾಗರಿಕ ಸೇವಾ ಕಾಯಿದೆಯು ಆ ರಾಜ್ಯದಲ್ಲಿ 1883ರಲ್ಲಿಯೇ ಜಾರಿಗೆ ಬಂದಿತ್ತೆಂಬುದನ್ನು ಓದುಗರು ಗಮನಿಸಬೇಕು. ನಿಯಮವೂ ಇತ್ತು, ಪರೀಕ್ಷೆಯೂ ಇತ್ತು. ಅಂಕಪಟ್ಟಿಗೆ ಮಾತ್ರ ಬೆಲೆಯಿರಲಿಲ್ಲ. ಜೂಜುಕಟ್ಟೆ, ವೇಶ್ಯಾಗೃಹಗಳಿಂದ ಪೊಲೀಸರಿಗೆ ಸಲ್ಲುತ್ತಿದ್ದ ಮಾಮೂಲನ್ನೂ ಸಮಿತಿಯು ಬಯಲಿಗೆಳೆಯಿತು. ಪದವಿಯನ್ನು ಕೊಂಡವನು ಕೊಟ್ಟ ಹಣವನ್ನು ಮತ್ತೆಲ್ಲಿಂದ ದುಡಿದಾನು?

ಅದೇ ವರ್ಷ ಅಂಗೀಕೃತವಾದ ರಾಜ್ಯದ ಹೊಸ ಸಂವಿಧಾನವು ನೇಮಕ ಮತ್ತು ಬಡ್ತಿಗಳು ಸಾಧ್ಯವಾದಮಟ್ಟಿಗೆ ಸ್ಪರ್ಧಾತ್ಮಕ ಪರೀಕ್ಷೆಯಿಂದಲೇ ಆಗತಕ್ಕದ್ದೆಂದು ವಿಧಿಸಿತು. 1895ರಲ್ಲಿ ಪೊಲೀಸ್ ಮಂಡಲಿಯ ಅಧ್ಯಕ್ಷರಾದ ಥಿಯೊಡರ್ ರೂಸ್‌ವೆಲ್ಟ್, ಮುಂದೆ ರಾಷ್ಟ್ರಾಧ್ಯಕ್ಷರಾದವರು, ಈ ಮಾರ್ಗವನ್ನು ಬಲಪಡಿಸಿದರು. ಇಂದು ಆ ನಗರದಲ್ಲಿ ಸಾರ್ಜೆಂಟ್, ಲೆಫ್ಟಿನೆಂಟ್, ಕ್ಯಾಪ್ಟನ್ ಪದವಿಗಳಿಗೆ ಪರೀಕ್ಷೆಯುಂಟು. ಅದರ ಮೇಲಿನವು ಪೊಲೀಸ್ ಕಮಿಷನರರ ವಿವೇಚನೆಗೆ ಬಿಟ್ಟವು. ಅಂಕದ ಕಟ್ಟುಪಾಡು ಎತ್ತರದ ಹುದ್ದೆಗಳಲ್ಲಿಯೇ ಸಡಿಲವಾಗುವುದು ವಿಚಿತ್ರವಲ್ಲವೆ!

ಲಂಚದ ಕಾಟ ತಗ್ಗಿದ ಮೇಲೆ ಬೇರೊಂದು ಪ್ರಶ್ನೆ ತಲೆದೋರಿತು. ಪುಸ್ತಕದ ಉತ್ತರವನ್ನು ಬಾಯಿಪಾಠ ಮಾಡಿದವನು ಹತ್ತು ಜನರನ್ನು ಮುನ್ನಡೆಸಬಲ್ಲನೆ? 1964ರ ನಾಗರಿಕ ಹಕ್ಕುಗಳ ಕಾಯಿದೆಯ ಉದ್ಯೋಗ ಸಂಬಂಧದ ವಿಧಿಗಳು 1972ರಿಂದ ನಗರಾಡಳಿತಗಳಿಗೂ ಅನ್ವಯಿಸಿದವು. ಪರೀಕ್ಷೆಯಿಂದ ಒಂದು ಜನಾಂಗದವರು ಹೆಚ್ಚಾಗಿ ಹಿಂದುಳಿದರೆ, ಆ ಪರೀಕ್ಷೆಗೂ ಉದ್ಯೋಗಕ್ಕೂ ನಿಜವಾದ ನಂಟಿದೆಯೆಂದು ತೋರಿಸುವ ಹೊಣೆ ನಗರದ್ದಾಯಿತು.

ಬಾಸ್ಟನ್ ನಗರದ ಎರಡು ವ್ಯಾಜ್ಯಗಳು ಇಲ್ಲಿ ಉಲ್ಲೇಖನೀಯ. 2008ರ ಲೆಫ್ಟಿನೆಂಟ್ ಪರೀಕ್ಷೆಯು ನಾಯಕತ್ವದಂಥ ಗುಣಗಳನ್ನು ಅಳೆಯುವುದಿಲ್ಲವೆಂದು 2015ರಲ್ಲಿ ಒಬ್ಬ ನ್ಯಾಯಾಧೀಶರು ಕರಿಯ ಅಧಿಕಾರಿಗಳ ಪರ ತೀರ್ಪಿತ್ತರು. ಮರುವರ್ಷವೇ ಮೇಲ್ಮನವಿ ನ್ಯಾಯಾಲಯವು ಅದೇ ನಗರದ ಸಾರ್ಜೆಂಟ್ ಪರೀಕ್ಷೆಯನ್ನು ಎತ್ತಿಹಿಡಿಯಿತು. ಅಲ್ಲಿ ಲಿಖಿತ ಭಾಗಕ್ಕೆ ಶೇಕಡಾ 80, ಶಿಕ್ಷಣ ಮತ್ತು ಅನುಭವಕ್ಕೆ ಶೇಕಡಾ 20 ಅಂಕ ಸಲ್ಲುತ್ತಿತ್ತು.

ಈ ಕೊರತೆಯನ್ನು ತುಂಬಲೆಂದು ಕೆಲವು ನಗರಗಳು ಅಭ್ಯರ್ಥಿಯ ಮುಂದೆ ಕೃತಕ ಸನ್ನಿವೇಶವೊಂದನ್ನು ಒಡ್ಡಿ, ಅವನು ಅದನ್ನು ನಿರ್ವಹಿಸುವ ಬಗೆಯನ್ನು ಪರೀಕ್ಷಿಸುತ್ತವೆ. ಇದಕ್ಕೆ ವೆಚ್ಚ ಅಧಿಕ. ಅಂಕ ಕೊಡುವವರು ಪರಿಚಿತರಾದರೆ ಶಿಫಾರಸು ಮತ್ತೆ ನುಸುಳೀತೆಂಬ ಶಂಕೆಯೂ ಉಂಟು. ಆದುದರಿಂದ ಹಲವೆಡೆ ಪರವೂರಿನ ಅಧಿಕಾರಿಗಳನ್ನು ಕರೆಯಿಸಿ ಅವರಿಂದ ಅಂಕ ಕೊಡಿಸುತ್ತಾರೆ.