ಚಿಕ್ಕೋಡಿಯ ಓಕಾರಕ್ಕೊಂದು ಪರೀಕ್ಷೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯ ಈ ಐದು ಊರುಗಳ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದರೆ, ಕಂಪ್ಯೂಟರನ್ನು ಪೇಚಿಗೆ ಸಿಲುಕಿಸಬಲ್ಲ ಹೆಸರು ಒಂದೇ: ಚಿಕ್ಕೋಡಿ.

ಕಾರಣ, ಅದರ ‘ಕ್ಕೋ’. ಈ ಓಕಾರದ ಚಿಹ್ನೆಗೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವೂ ಇದೆ. ಎತ್ವ, ಕೊಂಬಿನ ದೀರ್ಘ, ಕೊನೆಗೊಂದು ದೀರ್ಘ ಎಂದು ಮೂರು ತುಂಡಾಗಿ ಬರೆಯುವುದಕ್ಕೂ ಅವಕಾಶವಿದೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ‘ಚಿಕ್ಕೋಡಿ ಉತಾರ’ ಎಂಬ ಹೆಸರಿನಲ್ಲಿ ಉಳಿಸಿಟ್ಟ ಫೈಲು ಇನ್ನೊಂದು ಬಗೆಯಲ್ಲಿ ಹುಡುಕಿದಾಗ ಸಿಗದೇ ಹೋಗಬಹುದು. ಉಳಿದ ನಾಲ್ಕು ಹೆಸರುಗಳಲ್ಲಿ ಹೀಗೆ ಒಡೆಯುವ ಸ್ವರಚಿಹ್ನೆ ಇಲ್ಲವೇ ಇಲ್ಲ.

ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಈ ತೊಡಕಿಗೆ 2019ರ 5.2ನೇ ಆವೃತ್ತಿಯಲ್ಲಿ ದಾರಿ ಮಾಡಿತು. ಅದರ ಸೋರ್ಸ್ ಕೋಡ್‌ನಲ್ಲಿ ಫೈಲ್ ವ್ಯವಸ್ಥೆಯ ವಿಭಾಗದೊಳಗೆ ‘ಯೂನಿಕೋಡ್’ ಎಂಬ ಫೋಲ್ಡರ್ ಸೇರಿತು. ‘ಕೇಸ್‌ಫೋಲ್ಡ್’ ಸೌಲಭ್ಯ ಚಾಲೂ ಮಾಡಿದ ಫೋಲ್ಡರುಗಳಲ್ಲಿ ಹೆಸರಿನ ಎರಡೂ ರೂಪಗಳನ್ನು ಒಂದೇ ಎಂದು ಹೊಂದಿಸುವ ಕೆಲಸ ಅಲ್ಲಿ ನಡೆಯುತ್ತದೆ. ಆಂಡ್ರಾಯ್ಡ್ ಫೋನುಗಳ ತಳದಲ್ಲಿರುವುದೂ ಲಿನಕ್ಸ್ ಕರ್ನಲ್ಲೇ, ಅಂದರೆ ಅದರ ತಿರುಳೇ.

ಈ ಹೊಂದಾಣಿಕೆ ಸರಿಯೇ ಎಂದು ನೋಡುವ ಪರೀಕ್ಷೆಗಳನ್ನು ಎಲ್ಲಿಡಬೇಕು? ಇತರ ಕಾರ್ಯಾಚರಣಾ ವ್ಯವಸ್ಥೆಗಳ ಪೈಕಿ ಓಪನ್‌ಬಿಎಸ್‌ಡಿ ತನ್ನ ಪರೀಕ್ಷೆಗಳನ್ನು ‘ರಿಗ್ರೆಸ್’ ಎಂಬ ಪ್ರತ್ಯೇಕ ಫೋಲ್ಡರಿಗೆ ಹಾಕುತ್ತದೆ. ಫ್ರೀಬಿಎಸ್‌ಡಿ ಆಯಾ ಪ್ರೋಗ್ರಾಮಿನ ಮಗ್ಗುಲಲ್ಲೇ ‘ಟೆಸ್ಟ್ಸ್’ ಫೋಲ್ಡರ್ ಇಡುತ್ತದೆ. ಲಿನಕ್ಸ್‌ನಲ್ಲಿ ಎರಡೂ ಉಂಟು: ಹೊರಗಿನಿಂದ ನಡೆಸುವ ಸೆಲ್ಫ್‌ಟೆಸ್ಟ್‌ಗಳು ಒಂದೆಡೆ, ಕರ್ನಲ್ಲಿನೊಳಗೇ ಓಡುವ ಕೆಯೂನಿಟ್ ಪರೀಕ್ಷೆಗಳು ಕೋಡಿನ ಪಕ್ಕದಲ್ಲಿ. ಕೆಯೂನಿಟ್ ಬಂದದ್ದು 2020ರ ಜನವರಿಯಲ್ಲಿ, 5.5ನೇ ಆವೃತ್ತಿಯೊಂದಿಗೆ. ಕೋಡ್ ತಿದ್ದುವವರ ಕಣ್ಣಿಗೆ ತಾನಾಗಿ ಬೀಳುವ ಈ ಪಕ್ಕದ ಜಾಗವೇ ಲೇಸು.

ಯೂನಿಕೋಡ್ ಫೋಲ್ಡರಿನ ಪರೀಕ್ಷೆ ಮೊದಲು ಕೋಡಿನ ಫೈಲುಗಳ ನಡುವೆ ಬಿಡಿ ಮಾಡ್ಯೂಲ್ ಆಗಿತ್ತು. 2024ರಲ್ಲಿ ಬ್ರೆಜಿಲ್‌ನ ಎಲ್‌ಕೆಕ್ಯಾಂಪ್ ಬಳಗದ ಹ್ಯಾಕಥಾನ್‌ನಲ್ಲಿ ಸೇರಿದವರು ಅದನ್ನು ಕೆಯೂನಿಟ್‌ಗೆ ಬದಲಿಸಿ, ‘ಟೆಸ್ಟ್ಸ್’ ಒಳಫೋಲ್ಡರಿಗೆ ಸಾಗಿಸುವ ತಿದ್ದುಪಡಿಗಳನ್ನು ಕಳುಹಿಸಿದರು. ಜರ್ಮನ್ನರ ‘ಶಾರ್ಪ್ ಎಸ್’ ಅಕ್ಷರ ಎರಡು ಎಸ್‌ಗಳಿಗೆ ಸಮವೇ ಎಂಬಂಥ ಚಿಕ್ಕ ಚಿಕ್ಕ ಮಾದರಿಗಳು ಅದರಲ್ಲಿವೆ. ಕನ್ನಡದ ಓಕಾರದ ಸಾಲು ಯೂನಿಕೋಡ್ ಸಂಸ್ಥೆಯ ದೊಡ್ಡ ಪರೀಕ್ಷಾ ಕಡತದಲ್ಲಿದೆ ನಿಜ. ಆದರೆ ಲಿನಕ್ಸ್ ಅದರೊಂದಿಗೆ ತಾಳೆ ನೋಡುವುದು ಅಕ್ಷರಗಳ ಕೋಷ್ಟಕವನ್ನು ಹೊಸದಾಗಿ ತಯಾರಿಸುವಾಗ. ಕೋಡ್ ಬದಲಾದಾಗಲೆಲ್ಲ ಓಡಿಸಬಹುದಾದದ್ದು ಪಕ್ಕದ ಪುಟ್ಟ ಪರೀಕ್ಷೆಯೇ.

ಚಿಕ್ಕೋಡಿಯಲ್ಲಿ ಕೆಎಲ್‌ಇ ಎಂಜಿನಿಯರಿಂಗ್ ಕಾಲೇಜಿದೆ, ನಿಪ್ಪಾಣಿಯಲ್ಲೂ ಒಂದು ಎಂಜಿನಿಯರಿಂಗ್ ಕಾಲೇಜಿದೆ. ಎಡಕ್ಕೆ ಒಂದು ಸಂಕೇತದ ‘ಚಿಕ್ಕೋಡಿ’, ಬಲಕ್ಕೆ ತುಂಡುಗಳ ‘ಚಿಕ್ಕೋಡಿ’ ಇಟ್ಟು ಎರಡೂ ಸಮವೆಂದು ಸಾಧಿಸುವ ಮಾದರಿಯನ್ನು ಆ ಪುಟ್ಟ ಪರೀಕ್ಷೆಗೆ ಸೇರಿಸಲು ಕೆಲವೇ ಸಾಲಿನ ಸಿ ಭಾಷೆ ಸಾಕು. ಈ ಕಾಲೇಜುಗಳ ವಿದ್ಯಾರ್ಥಿಗಳು ಅದನ್ನು ಬರೆದು ಕರ್ನಲ್ ನಿರ್ವಾಹಕರಿಗೆ ಕಳುಹಿಸಲಿ.