ಧಾರವಾಡ ಸೀಮೆಯ ಕರಿಕಂಬಳಿ

ಮಲೆನಾಡಿನ ಮುಗಿಲೂ ಬಯಲುಸೀಮೆಯ ಒಣಗಾಳಿಯೂ ಸಂಧಿಸುವ ಹುಬ್ಬಳ್ಳಿ-ಧಾರವಾಡದ ಪ್ರಾಂತದಲ್ಲಿ ಆಷಾಢ ಶ್ರಾವಣಗಳ ಜಿಟಿಜಿಟಿ ಮಳೆ ಹಿಡಿದಾಗ, ಕಲಘಟಗಿ ಅಳ್ನಾವರಗಳ ಭತ್ತದ ಗದ್ದೆಯಲ್ಲಿ ಬಾಗಿ ದುಡಿಯುವ ರೈತನಿಗೂ ಹಿಂಡಿನ ಹಿಂದೆ ಊರೂರು ನಡೆಯುವ ಕುರುಬನಿಗೂ ಹಗಲು ಮೇಲಂಗಿಯಾಗಿ, ಇರುಳು ಹಾಸಿಗೆಯಾಗಿ ಒದಗಿಬಂದುದು ಕರಿಕಂಬಳಿ. ಅದರ ಮೂಲೆಯನ್ನು ಮಡಚಿ ಕೊಪ್ಪೆ ಮಾಡಿ ಹೊದ್ದವನಿಗೆ ನೆತ್ತಿಯಿಂದ ಮೊಣಕಾಲಿನವರೆಗೆ ಮಳೆಯ ಭಯವಿಲ್ಲ. ಆಲ್ಪ್ಸ್ ಪರ್ವತದ ಟಿರೋಲ್ ಸೀಮೆಯ ಜನ ಒರಟು ಉಣ್ಣೆಯನ್ನು ನೇಯ್ದು, ನೀರಿನಲ್ಲಿ ನಾದಿ ದಟ್ಟಗೊಳಿಸಿದ ಲೋಡನ್ ಬಟ್ಟೆಯು ಇಂದು ಬೆಲೆಬಾಳುವ ಕೋಟುಗಳಾಗಿ ಮೆರೆಯುತ್ತಿರಲು, ಗುಣದಲ್ಲಿ ಅದಕ್ಕೆ ಸೋದರನಾದ ನಮ್ಮ ಕಂಬಳಿಗೆ ಅಂತಹ ಮನ್ನಣೆ ದೊರೆಯದಿರುವುದು ನನ್ನ ಮನಸ್ಸನ್ನು ನೋಯಿಸುತ್ತದೆ.

ಈ ವಸ್ತ್ರದ ರಹಸ್ಯವು ಮಗ್ಗಕ್ಕಿಂತ ಹೆಚ್ಚಾಗಿ ದಖ್ಖನಿ ಕುರಿಯ ಮೈಯಲ್ಲಿದೆ. ಅದರ ಉಣ್ಣೆಗೆ ಸಹಜವಾದ ಜಿಡ್ಡು ಹನಿಯನ್ನು ಜಾರಿಸುತ್ತದೆ. ಎಳೆಯು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿದರೂ ಹೊದ್ದವನಿಗೆ ಒದ್ದೆಯೆನಿಸದು. ಹುಟ್ಟುಗಪ್ಪಾದ್ದರಿಂದ ಬಣ್ಣದ ಹಂಗೂ ಇಲ್ಲ. ವರ್ಷಕ್ಕೆರಡು ಬಾರಿ ಕತ್ತರಿಸಿದ ಉಣ್ಣೆಯನ್ನು ಬಿಲ್ಲಿನಿಂದ ಹಿಂಜಿ, ಮನೆಯ ಹೆಂಗಸರು ನೂತು, ಹಾಸನ್ನು ಓಣಿಯುದ್ದಕ್ಕೂ ಹೂಡಿ, ಹುಣಸೆಬೀಜವನ್ನು ಬೇಯಿಸಿ ಅರೆದ ಗಂಜಿಯನ್ನು ಕುಂಚದಿಂದ ಎಳೆಎಳೆಗೂ ಸವರಿ ಬಿಸಿಲಲ್ಲಿ ಒಣಗಿಸಿದ ತರುವಾಯವೇ ನೇಕಾರನು ಕುಣಿಮಗ್ಗಕ್ಕೆ ಇಳಿಯುತ್ತಾನೆ. ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುವುದು ಈ ಗಂಜಿಯಿಂದ. ಬಳಸಿದಷ್ಟೂ ಅದು ಮೆತ್ತಗಾಗುತ್ತದೆ. ಮದುವೆಯಲ್ಲಿ ಕಟ್ಟುವ ಕಂಕಣ ಉಣ್ಣೆಯದೋ ಹತ್ತಿಯದೋ ಎಂಬುದರಿಂದಲೇ ತಮ್ಮ ಒಳಪಂಗಡಗಳನ್ನು ಹೆಸರಿಸಿಕೊಂಡ ಕುರುಬರಿಗೆ ಈ ನೂಲು ಬರಿಯ ಜೀವನೋಪಾಯವಾಗಿರಲಿಲ್ಲ.

1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಹಾವೇರಿಗೆ ಸೇರಿರುವ ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯು ಈ ನೇಯ್ಗೆಗೆ ಹೆಸರಾದ ಊರು. ಆದರೆ ಪಾಣಿಪತ್ತಿನ ಅಗ್ಗದ ಹೊದಿಕೆಗಳೂ ಪ್ಲಾಸ್ಟಿಕ್ ಹಾಳೆಗಳೂ ಬಂದು ಕಂಬಳಿಯ ಗಿರಾಕಿಯನ್ನು ಕಸಿದುಕೊಂಡವು. ಅದಕ್ಕೂ ಮಿಗಿಲಾದ ಹಾನಿಯೆಂದರೆ, ಮಾಂಸದ ಪೇಟೆಯ ಆಶೆಗೆ ಉಣ್ಣೆ ಕೊಡದ ಎಳಗ ಮುಂತಾದ ತಳಿಗಳು ಹಿಂಡುಗಳನ್ನು ಸೇರಿ, ದಖ್ಖನಿ ಕುರಿಯೇ ವಿರಳವಾಗತೊಡಗಿತು. ಕತ್ತರಿಸುವವನ ಕೂಲಿಯೂ ಹುಟ್ಟದೆಂದು ಕುರಿಗಾರನು ಉಣ್ಣೆಯನ್ನು ಹೊಲದಲ್ಲೇ ಚೆಲ್ಲಿ ಹೋಗುವ ಈ ಕಾಲದಲ್ಲಿ, ನೇಕಾರನಿಗೆ ಮಾತ್ರ ಮಗ್ಗ, ಸಾಲ, ತರಬೇತಿಗಳನ್ನು ಕೊಟ್ಟರೆ ಸಾಲದು. ಕರಿಯ ಕುರಿಯನ್ನು ಸಾಕುವವನಿಗೆ ಆ ಉಣ್ಣೆಗೆ ತಕ್ಕ ಬೆಲೆ ಹಿಂಡಿನ ಬಳಿಯಲ್ಲೇ ಸಿಗಬೇಕು. ಕೊಳ್ಳುವವರು ಇಂದಿಗೂ ಇಲ್ಲದಿಲ್ಲ: ದೇವರ ಗದ್ದುಗೆಗೆ ಹಾಸಲು ಕಂಬಳಿಯೇ ಬೇಕು, ಮೈಲಾರ ದೇವರಗುಡ್ಡಗಳ ಜಾತ್ರೆಗೆ ಹೊರಡುವ ಗೊರವಯ್ಯನ ಹೆಗಲಿಗೂ ಕಂಬಳಿಯೇ ಬೇಕು.