ನೀರಿನ ಮೇಲೆ ನೆಟ್ಟಗೆ ನಿಲ್ಲೋದು ಹೇಗೆ?

ಮೇ ತಿಂಗಳಲ್ಲಿ ಸೆಮಿಸ್ಟರ್ ಮುಗಿದರೆ ಸಾಕು, ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ "ಈ ವೀಕೆಂಡ್ ಎಲ್ಲಿಗೆ?" ಅನ್ನೋ ಚರ್ಚೆ ಶುರುವಾಗುತ್ತೆ. ಹೈಕಿಂಗ್ ಆಯ್ತು, ಲೇಕ್ ಟಾಹೋ ಆಯ್ತು, ಈಗ ಎಲ್ಲರ ಕಣ್ಣು ಪ್ಯಾಡಲ್‌ಬೋರ್ಡ್ ಮೇಲೆ. ಅಗಲವಾದ ಒಂದು ಹಲಗೆ, ಕೈಯಲ್ಲಿ ಉದ್ದನೆಯ ಒಂದು ಹುಟ್ಟು, ನಿಂತುಕೊಂಡೇ ನೀರಿನ ಮೇಲೆ ಹೋಗೋದು. ದಡದಿಂದ ನೋಡಿದರೆ ಇದರಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಅನ್ಸುತ್ತೆ. ಹತ್ತಿ ನಿಂತ ಮೇಲೆ ಕಾಲು ಗಡಗಡ ನಡುಗೋಕೆ ಶುರುವಾಗುತ್ತೆ.

ನಡುಗಿದರೆ ಪರವಾಗಿಲ್ಲ. ಯೋಚನೆಯ ವಿಷಯ ಬೇರೆ ಇದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಈಜು ಬರಲ್ಲ. ಕೆರೆ, ಬಾವಿ ಹತ್ತಿರ ಹೋಗಬೇಡ ಅಂತ ಕೇಳಿಕೊಂಡೇ ಬೆಳೆದವರು ನಾವು. ಇಲ್ಲಿಗೆ ಬಂದಮೇಲೆ ಸುತ್ತಮುತ್ತ ಎಲ್ಲೆಲ್ಲೂ ನೀರು, ಬಾಡಿಗೆಗೆ ಬೋರ್ಡ್, ಜೊತೆಗೆ ಸ್ನೇಹಿತರ ಹುರುಪು. ಹಾಗಾಗಿ ಬ್ಯಾಲೆನ್ಸ್ ಹೇಗೆ ಕೆಲಸ ಮಾಡುತ್ತೆ, ಬೇ ಏರಿಯಾದ ನೀರು ಮತ್ತು ಗಾಳಿ ಹೇಗೆ ನಡೆದುಕೊಳ್ಳುತ್ತವೆ ಅನ್ನೋದನ್ನ ಮೊದಲೇ ತಿಳಿದುಕೊಂಡು ಹೋಗೋದು ಒಳ್ಳೇದು.

ಹಲಗೆ ಯಾಕೆ ಅಲ್ಲಾಡುತ್ತೆ?

ಹಂಪಿಯಲ್ಲಿ ಹರಿಗೋಲು ಹತ್ತಿದವರಿಗೆ ಗೊತ್ತು, ಅಂಬಿಗ ಮೊದಲು ಹೇಳೋದೇ "ಕೂತ್ಕೊಳ್ಳಿ, ಎದ್ದು ನಿಲ್ಲಬೇಡಿ" ಅಂತ. ಕೂತಾಗ ನಮ್ಮ ಭಾರದ ಕೇಂದ್ರ ಕೆಳಗಿರುತ್ತೆ, ನಿಂತಾಗ ಹೊಕ್ಕಳಿನ ಮಟ್ಟಕ್ಕೆ ಏರುತ್ತೆ. ಪ್ಯಾಡಲ್‌ಬೋರ್ಡ್‌ನಲ್ಲಿ ನಾವು ಮಾಡೋದು ಅಂಬಿಗ ಬೇಡ ಅಂದ ಕೆಲಸವನ್ನೇ.

ಇಂಜಿನಿಯರಿಂಗ್ ಓದಿದವರು ಫ್ಲೂಯಿಡ್ ಮೆಕ್ಯಾನಿಕ್ಸ್ ಪೇಪರ್‌ನ ಮೆಟಾಸೆಂಟರ್ ನೆನಪಿಸಿಕೊಳ್ಳಿ. ಪಾಸಾದ ಮಾರನೇ ದಿನವೇ ಮರೆತಿದ್ದರೂ ತೊಂದರೆಯಿಲ್ಲ. ತೇಲುವ ವಸ್ತು ಸ್ವಲ್ಪ ವಾಲಿದಾಗ ನೀರು ಅದನ್ನ ವಾಪಸ್ ನೆಟ್ಟಗೆ ಮಾಡೋಕೆ ತಳ್ಳುತ್ತೆ. ಭಾರದ ಕೇಂದ್ರ ಮೆಟಾಸೆಂಟರ್ ಅನ್ನೋ ಬಿಂದುವಿಗಿಂತ ಕೆಳಗಿದ್ದರೆ ನೀರು ಗೆಲ್ಲುತ್ತೆ, ಮೇಲಿದ್ದರೆ ನಾವು ನೀರಿಗೆ. ಸುಮಾರು ಹತ್ತೂವರೆ ಅಡಿ ಉದ್ದ, 32 ಇಂಚು ಅಗಲದ ಬೋರ್ಡ್ ಮೇಲೆ 70 ಕೆಜಿ ತೂಕದವರು ನಿಂತರೆ, ನನ್ನ ಅಂದಾಜು ಲೆಕ್ಕದಲ್ಲಿ ಈ ಬಿಂದು ನೀರಿನಿಂದ ಒಂದು ಮೀಟರ್ ಚಿಲ್ಲರೆ ಎತ್ತರದಲ್ಲಿರುತ್ತೆ. ನಿಂತವರ ಭಾರದ ಕೇಂದ್ರವೂ ಹೆಚ್ಚುಕಡಿಮೆ ಅಷ್ಟೇ ಎತ್ತರ! ಅಂದರೆ ಮರದ ಗೊಂಬೆ ಥರ ಬಿಗಿಯಾಗಿ ನಿಂತರೆ ಬೀಳೋದಕ್ಕೂ ಬೀಳದೇ ಇರೋದಕ್ಕೂ ನಡುವೆ ಕೂದಲೆಳೆಯ ಅಂತರ. ಮಂಡಿಯೂರಿದರೆ ಭಾರದ ಕೇಂದ್ರ ಸುಮಾರು ಅರ್ಧ ಮೀಟರ್‌ಗೆ ಇಳಿಯುತ್ತೆ, ಆಗ ಬೋರ್ಡ್ ತಕ್ಷಣ ಸಾಧು ಆಗಿಬಿಡುತ್ತೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತೆ.

ಮೊದಲನೇದು ಬೋರ್ಡ್‌ನ ಅಗಲ. ಸ್ಥಿರತೆಯ ಲೆಕ್ಕದಲ್ಲಿ ಅಗಲದ ಘನ ಬರುತ್ತೆ. 30 ಇಂಚಿನ ಬದಲು 34 ಇಂಚಿನ ಬೋರ್ಡ್ ತಗೊಂಡರೆ ಅಗಲ ಹೆಚ್ಚಾಗಿದ್ದು ಶೇಕಡ 13 ಮಾತ್ರ, ಆದರೆ ನೀರಿನ ಆಸರೆ ಸುಮಾರು ಶೇಕಡ 45 ಹೆಚ್ಚುತ್ತೆ. ಆದ್ದರಿಂದ ಬಾಡಿಗೆ ಅಂಗಡಿಯಲ್ಲಿ ನಾಚಿಕೆ ಬಿಟ್ಟು "ಇರೋದರಲ್ಲಿ ಅತಿ ಅಗಲದ್ದು ಕೊಡಿ" ಅಂತಲೇ ಕೇಳಿ. ತೆಳ್ಳಗೆ ಚೂಪಾಗಿರೋ ಬೋರ್ಡ್ ರೇಸ್ ಮಾಡೋರಿಗೆ.

ಎರಡನೇದು ಮೊಣಕಾಲು. ಬೆಂಗಳೂರಿನ ಬಿಎಂಟಿಸಿ ಕಂಡಕ್ಟರ್‌ನ ನೆನಪಿಸಿಕೊಳ್ಳಿ. ಒಂದು ಕೈಯಲ್ಲಿ ಟಿಕೆಟ್, ಇನ್ನೊಂದರಲ್ಲಿ ಚಿಲ್ಲರೆ, ಡ್ರೈವರ್ ಬ್ರೇಕ್ ಹಾಕಿದರೂ ಮನುಷ್ಯ ಅಲ್ಲಾಡಲ್ಲ. ಮಂಡಿ ಸಡಿಲ, ಸೊಂಟ ಸಡಿಲ. ಬಸ್ಸು ಓಲಾಡುತ್ತೆ, ಅವರ ಎದೆ ಮತ್ತು ತಲೆ ನೆಟ್ಟಗೇ ಇರುತ್ತೆ. ಬೋರ್ಡ್ ಮೇಲೂ ಹಾಗೇ. ಕಾಲು ಬಿಗಿದರೆ ನಾವೂ ಹಲಗೆಯೂ ಒಂದೇ ತುಂಡಾಗಿ ವಾಲುತ್ತೇವೆ, ನಮ್ಮ ಭಾರ ಹೊರಗೆ ಜಾರುತ್ತೆ. ಕಾಲು ಸಡಿಲ ಬಿಟ್ಟರೆ ಹಲಗೆ ಮಾತ್ರ ಕೆಳಗೆ ವಾಲುತ್ತೆ, ನಮ್ಮ ಭಾರ ನಡುಮಧ್ಯೆಯೇ ಉಳಿಯುತ್ತೆ, ಆಗ ನೀರು ಹಲಗೆಯನ್ನ ಸರಿಮಾಡಿಕೊಳ್ಳುತ್ತೆ. ಹಲಗೆಯ ಅಲುಗಾಟವನ್ನ ನಿಲ್ಲಿಸೋಕೆ ಹೋಗಬೇಡಿ, ಅಲ್ಲಾಡೋಕೆ ಬಿಡಿ.

ಹತ್ತಿ ನಿಲ್ಲುವ ಕ್ರಮ

1. ಪ್ಯಾಡಲ್ ಉದ್ದ ನಿಮ್ಮ ಎತ್ತರಕ್ಕಿಂತ ಎಂಟು ಹತ್ತು ಇಂಚು ಜಾಸ್ತಿ ಇರಲಿ. ಪ್ಯಾಡಲ್‌ನ ತುದಿಯ ಎಲೆ ಸ್ವಲ್ಪ ಬಾಗಿರುತ್ತೆ. ಆ ಬಾಗು ಮುಂದಕ್ಕೆ ಹೋಗಬೇಕು. ನೋಡಿದರೆ ಉಲ್ಟಾ ಅನ್ಸುತ್ತೆ, ಆದರೆ ಅದೇ ಸರಿ.

2. ಲೈಫ್ ಜಾಕೆಟ್ ಹಾಕಿ. ಬೋರ್ಡ್‌ನ ಹಿಂಬದಿಯ ಹಗ್ಗವನ್ನ, ಅಂದರೆ ಲೀಶ್ ಅನ್ನು, ಕಾಲಿಗೆ ಕಟ್ಟಿ.

3. ಮೊಣಕಾಲುದ್ದದ ನೀರಿಗೆ ಬೋರ್ಡ್ ತನ್ನಿ. ಕೆಳಗಿನ ರೆಕ್ಕೆ ನೆಲಕ್ಕೆ ತಾಗಬಾರದು. ಬೋರ್ಡ್ ಹೊರೋಕೆ ಅಂತ ಮಧ್ಯೆ ಒಂದು ಹಿಡಿ ಇರುತ್ತೆ, ಅದೇ ಅದರ ನಡು. ಹಿಡಿಯ ಎರಡೂ ಕಡೆ ಒಂದೊಂದು ಮಂಡಿ ಊರಿ.

4. ಮಂಡಿಯ ಮೇಲೇ ಐದು ಹತ್ತು ನಿಮಿಷ ಹುಟ್ಟು ಹಾಕಿ. ನಿಲ್ಲೋಕೆ ಅವಸರ ಬೇಡ. ಬೋರ್ಡ್‌ನ ಗುಣ ಗೊತ್ತಾಗೋದು ಇಲ್ಲೇ.

5. ಪ್ಯಾಡಲ್ ಅನ್ನು ಬೋರ್ಡ್ ಮೇಲೆ ಅಡ್ಡ ಇಟ್ಟು ಅದರ ಮೇಲೆ ಕೈ ಊರಿ. ಮಂಡಿ ಇದ್ದ ಜಾಗಕ್ಕೆ ಒಂದು ಪಾದ, ಆಮೇಲೆ ಇನ್ನೊಂದು. ಪಾದಗಳ ನಡುವೆ ಸೊಂಟದಷ್ಟು ಅಂತರ, ಬೆರಳುಗಳು ಮುಂದಕ್ಕೆ. ಮೊದಲು ಕುಕ್ಕರುಗಾಲು, ನಂತರ ಎದೆ ಎತ್ತಿ, ಕೊನೆಗೆ ಮೊಣಕಾಲು ನೆಟ್ಟಗೆ. ಪೂರ್ತಿ ನೆಟ್ಟಗೆ ಬೇಡ, ಸ್ವಲ್ಪ ಬಾಗಿರಲಿ.

6. ನಿಂತ ತಕ್ಷಣ ಹುಟ್ಟು ಹಾಕಿ. ಸುಮ್ಮನೆ ನಿಂತವರೇ ಹೆಚ್ಚು ಬೀಳೋದು. ನೀರಿನಲ್ಲಿರೋ ಪ್ಯಾಡಲ್ ಮೂರನೇ ಕಾಲಿದ್ದ ಹಾಗೆ, ಅಜ್ಜಿಯ ಊರುಗೋಲಿನ ಥರ. ಎಲೆ ಪೂರ್ತಿ ಮುಳುಗಲಿ, ಪಾದದ ಹತ್ತಿರ ಬಂದಾಗ ಹೊರಗೆ ತೆಗೆಯಿರಿ.

ಕಣ್ಣು ಎಲ್ಲಿರಬೇಕು? ದೂರದ ದಡದ ಮೇಲೆ. ನಮ್ಮ ಬ್ಯಾಲೆನ್ಸ್‌ಗೆ ಮಾಹಿತಿ ಕೊಡೋದು ಮೂರು: ಒಳಕಿವಿ, ಪಾದ ಮತ್ತು ಕೀಲುಗಳ ಸ್ಪರ್ಶಜ್ಞಾನ, ಮತ್ತು ಕಣ್ಣು. ಕಾಲನ್ನೇ ನೋಡುತ್ತಿದ್ದರೆ ಸುತ್ತ ಓಡುವ ನೀರು ಕಣ್ಣಿಗೆ ಸುಳ್ಳು ಹೇಳುತ್ತೆ, ಜೊತೆಗೆ ತಲೆಯ ಭಾರ ಮುಂದಕ್ಕೆ ಬರುತ್ತೆ. ಅಲ್ಲಾಡದ ಒಂದು ಮರವನ್ನೋ ಕಟ್ಟಡವನ್ನೋ ಗುರಿ ಮಾಡಿಕೊಂಡರೆ ಅರ್ಧ ನಡುಕ ನಿಲ್ಲುತ್ತೆ.

ಬೀಳೋದನ್ನೂ ಕಲೀಬೇಕು

ಬಿದ್ದೇ ಬೀಳ್ತೀರಿ. ಬೋರ್ಡ್ ಮೇಲೆ ಬೀಳದೆ ಪಕ್ಕದ ನೀರಿಗೆ, ತಲೆ ಮೊದಲಾಗದ ಹಾಗೆ, ಅಗಲವಾಗಿ ಬೀಳಿ. ಆಳ ಎಷ್ಟಿದೆಯೋ ಗೊತ್ತಿರಲ್ಲ. ವಾಪಸ್ ಹತ್ತೋಕೆ ಬೋರ್ಡ್‌ನ ನಡುವಿಗೆ ಬನ್ನಿ, ಮಧ್ಯದ ಹಿಡಿಯನ್ನ ಹಿಡಿದು, ಕಾಲನ್ನ ಹಿಂದೆ ನೀರಿನ ಮೇಲ್ಮೈಗೆ ತಂದು ಒದೆಯುತ್ತಾ ಹೊಟ್ಟೆಯನ್ನ ಹಲಗೆಯ ಮೇಲೆ ಎಳೆದುಕೊಳ್ಳಿ. ಇದನ್ನ ದಡದ ಹತ್ತಿರ ಎರಡು ಮೂರು ಸಲ ಬೇಕಂತಲೇ ಅಭ್ಯಾಸ ಮಾಡಿ. ವಾಪಸ್ ಹತ್ತೋಕೆ ಬರುತ್ತೆ ಅಂತ ಗೊತ್ತಾದ ಮೇಲೆ ಬೀಳುವ ಭಯ ಕಡಿಮೆಯಾಗುತ್ತೆ, ಭಯ ಹೋದರೆ ಕಾಲು ತಾನೇ ಸಡಿಲವಾಗುತ್ತೆ.

ಎಲ್ಲಿ, ಯಾವಾಗ?

ಸೌತ್ ಬೇ ಕಡೆ ಇರೋರಿಗೆ ಮೌಂಟನ್ ವ್ಯೂನ ಶೋರ್‌ಲೈನ್ ಲೇಕ್ ಒಳ್ಳೆಯ ಆರಂಭ. ಸುಮಾರು 50 ಎಕರೆಯ ಉಪ್ಪುನೀರಿನ ಕೃತಕ ಕೆರೆ, ಅಲ್ಲೇ ಬೋರ್ಡ್ ಬಾಡಿಗೆಗೆ ಸಿಗುತ್ತೆ. ಫಾಸ್ಟರ್ ಸಿಟಿಯ ಲಗೂನ್, ಓಕ್ಲೆಂಡ್‌ನ ಲೇಕ್ ಮೆರಿಟ್ ಕೂಡ ಸರಿ. ಲೇಕ್ ಮೆರಿಟ್ 1870ರಲ್ಲೇ ವನ್ಯಜೀವಿ ಆಶ್ರಯವಾದ ಜಾಗ, ಹಕ್ಕಿಗಳಿಂದ ದೂರ ಇರಿ. ಸಾಸಲಿಟೋ ಪಕ್ಕದ ರಿಚರ್ಡ್‌ಸನ್ ಬೇ ಸುಂದರ, ಆದರೆ ಅದನ್ನ ಕೈ ಪಳಗಿದ ಮೇಲೆ ಇಟ್ಟುಕೊಳ್ಳಿ.

ಸಮಯ ಬೆಳಗ್ಗೆ. ಬೇಸಿಗೆಯಲ್ಲಿ ಸೆಂಟ್ರಲ್ ವ್ಯಾಲಿ ಕಾದು ಅಲ್ಲಿನ ಗಾಳಿ ಮೇಲೇರುತ್ತೆ. ಆ ಜಾಗ ತುಂಬೋಕೆ ಸಮುದ್ರದ ತಣ್ಣನೆಯ ಗಾಳಿ ಗೋಲ್ಡನ್ ಗೇಟ್ ಮೂಲಕ ನುಗ್ಗುತ್ತೆ. ಅದಕ್ಕೇ ಬೆಳಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನ ಕುದಿಯೋ ಹಾಗೆ ಕಾಣೋದು. ನಿಂತಿರೋ ಮನುಷ್ಯ ಗಾಳಿಗೆ ಹಾಯಿಯಂತೆ. ಹೊರಡುವಾಗ ಗಾಳಿಗೆ ಎದುರಾಗಿ ಹೊರಡಿ, ಸುಸ್ತಾದಾಗ ಅದೇ ಗಾಳಿ ವಾಪಸ್ ತಳ್ಳಿಕೊಂಡು ಬರುತ್ತೆ. ಗಾಳಿ ಜೋರಾದರೆ ನಿಂತು ಹಟ ಮಾಡದೆ ಮಂಡಿಯೂರಿ, ಇನ್ನೂ ಜೋರಾದರೆ ಬೋರಲಾಗಿ ಮಲಗಿ ಕೈಯಿಂದಲೇ ದಡ ಸೇರಿ.

ತೆರೆದ ಬೇನಲ್ಲಿ ಭರತ ಇಳಿತದ ಸೆಳೆತವೂ ಇದೆ. ಇಳಿತದ ಹೊತ್ತಲ್ಲಿ ನೀರೆಲ್ಲ ಗೋಲ್ಡನ್ ಗೇಟ್ ಕಡೆ ಹೊರಡುತ್ತೆ, ದಕ್ಷಿಣದ ಅಂಚಿನಲ್ಲಿ ಬರೀ ಕೆಸರು ಉಳಿಯುತ್ತೆ. ಗೋಲ್ಡನ್ ಗೇಟ್ ಹತ್ತಿರದ ನೀರು ಬೇಸಿಗೆಯಲ್ಲೂ ಸುಮಾರು 13ರಿಂದ 16 ಡಿಗ್ರಿ ಸೆಲ್ಸಿಯಸ್. ಅಷ್ಟು ತಣ್ಣೀರಿಗೆ ತಟ್ಟನೆ ಬಿದ್ದರೆ ಉಸಿರು ತಾನಾಗಿಯೇ ಏದುಸಿರಾಗುತ್ತೆ. ಈಜು ಬರೋರಿಗೂ ಮೊದಲ ಒಂದು ನಿಮಿಷ ಕಷ್ಟ. ಆಗ ಈಜೋಕೆ ಹೋಗದೆ ಬೋರ್ಡ್ ಹಿಡಿದು ತೇಲಿ, ಉಸಿರು ಹಿಡಿತಕ್ಕೆ ಬಂದ ಮೇಲೆ ಹತ್ತಿ.

ಈಜು ಬಾರದವರಿಗೆ

ಅಮೆರಿಕದ ಕೋಸ್ಟ್ ಗಾರ್ಡ್ 2008ರಲ್ಲಿ ಈಜು ಮತ್ತು ಸರ್ಫಿಂಗ್ ಪ್ರದೇಶಗಳ ಹೊರಗೆ ಪ್ಯಾಡಲ್‌ಬೋರ್ಡ್ ಕೂಡ ಒಂದು ದೋಣಿಯೇ ಅಂತ ತೀರ್ಮಾನಿಸಿತು. ಹಾಗಾಗಿ ದೊಡ್ಡವರಿಗೆ ಲೈಫ್ ಜಾಕೆಟ್ ಬೋರ್ಡ್ ಮೇಲೆ ಇದ್ದರೆ ಕಾನೂನಿಗೆ ಸಾಕು. ಈಜು ಬಾರದ ನಮಗೆ ಅದು ಸಾಲದು, ಮೈಮೇಲೇ ಇರಬೇಕು, ಬಕಲ್ ಹಾಕಿರಬೇಕು. ಸೊಂಟಕ್ಕೆ ಕಟ್ಟಿ, ಬೇಕಾದಾಗ ದಾರ ಎಳೆದು ಊದಿಸೋ ಪಟ್ಟಿ ಕೊಟ್ಟರೆ ಬೇಡ ಅನ್ನಿ, ಗಾಬರಿಯಲ್ಲಿ ದಾರ ಹುಡುಕೋಕೆ ಆಗಲ್ಲ. ಒಬ್ಬರೇ ಹೋಗಬೇಡಿ. ಗುಂಪಿನಲ್ಲಿ ಈಜು ಬರೋರು ಒಬ್ಬರಾದರೂ ಹತ್ತಿರವೇ ಇರಲಿ. "ನಂಗೆ ಈಜು ಬರಲ್ಲ" ಅಂತ ಬಾಡಿಗೆ ಕೊಡೋರಿಗೂ ಸ್ನೇಹಿತರಿಗೂ ಬಾಯಿಬಿಟ್ಟು ಹೇಳಿ. ಹೇಳದೇ ಇರೋದರಲ್ಲೇ ನಿಜವಾದ ಅಪಾಯ ಇರೋದು.

ಜೊತೆಗೆ, ಕ್ಯಾಂಪಸ್‌ನಲ್ಲಿ ಈಜುಕೊಳ ಇದ್ದರೆ ಅದರ ಫೀಸು ಬಹುಶಃ ನೀವು ಆಗಲೇ ಕಟ್ಟಿದ್ದೀರಿ. ಇಪ್ಪತ್ತನಾಲ್ಕು ವಯಸ್ಸಿಗೆ ಈಜು ಕಲಿಯೋದು ತಡವೇನಲ್ಲ, ಕೊಳದಲ್ಲಿ ನಮ್ಮ ಥರದವರು ಬೇಕಾದಷ್ಟು ಜನ ಸಿಗ್ತಾರೆ.

ಊರಿಗೆ ಹೋದಾಗ ಇದನ್ನ ಬಿಡಬೇಕಾಗಿಯೂ ಇಲ್ಲ. ಮಂಗಳೂರಿನ ಹತ್ತಿರ ಮೂಲ್ಕಿಯಲ್ಲಿ ಶಾಂಭವಿ ನದಿಯ ಹಿನ್ನೀರಿನಲ್ಲಿ ಪ್ಯಾಡಲ್‌ಬೋರ್ಡ್ ಕಲಿಸುತ್ತಾರೆ. ಪಕ್ಕದ ಸಸಿಹಿತ್ಲುವಿನಲ್ಲಿ 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆಯಿತು. ಅಲ್ಲಿನ ನೀರು ಬೆಚ್ಚಗಿದೆ, ದಡದಲ್ಲಿ ತೆಂಗಿನ ಮರ ಇದೆ, ಕಣ್ಣಿಡೋಕೆ ಗುರಿ ಹುಡುಕಬೇಕಾಗಿಲ್ಲ.